ಹಾಡು ಮತ್ತು ನುಡಿ: ಜೋಡಿ ಧ್ವನಿಕಡತಗಳನ್ನು ಒಟ್ಟಾಗಿ ಸಂಸ್ಕರಿಸುವ ಕ್ರಮ

ಬೀಸುವ ಕಲ್ಲಿನ ಹಾಡನ್ನು ಬರಹಕ್ಕಿಳಿಸಲು ಕುಳಿತ ವಿದ್ಯಾರ್ಥಿಗೆ ಮೊದಲ ತೊಡಕು ಎದುರಾಗುವುದು ಛಂದಸ್ಸಿನಲ್ಲಿಯೇ. ಪುಸ್ತಕದಲ್ಲಿ ಮೂರು ಸಾಲಾಗಿ ಅಚ್ಚಾಗುವ ತ್ರಿಪದಿಯು ಹಾಡುವವರ ಬಾಯಲ್ಲಿ ಮೂರು ಸಾಲಾಗಿ ನಿಲ್ಲುವುದಿಲ್ಲ. ಎರಡನೆಯ ಸಾಲಿನ ಮಾತುಗಳು ಮರಳಿ ಬಂದು ಪದ್ಯವು ನಾಲ್ಕು ಸಾಲಿನಂತೆ ಕೇಳಿಸುತ್ತದೆ. ಹ್ರಸ್ವವು ದೀರ್ಘವಾಗುತ್ತದೆ, ದೀರ್ಘವು ಇನ್ನಷ್ಟು ಎಳೆತ ಪಡೆಯುತ್ತದೆ, ಒಂದು ಪದದ ಕೊನೆಯೂ ಮುಂದಿನ ಪದದ ಮೊದಲೂ ಒಂದೇ ಉಸಿರಿನಲ್ಲಿ ಬೆಸೆದುಕೊಳ್ಳುತ್ತವೆ. ಅದೇ ತಾಯಿಯನ್ನು “ಹಾಡಬ್ಯಾಡ್ರಿ, ಬರೇ ಹೇಳ್ರಿ” ಎಂದು ಕೇಳಿಕೊಂಡರೆ ಪದಗಳು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಬರುತ್ತವೆ. ಆದರೆ ಆಗ ಧಾಟಿ ಇರುವುದಿಲ್ಲ, ಪುನರಾವೃತ್ತಿ ಇರುವುದಿಲ್ಲ, ಉಸಿರಿನ ನಿಲುಗಡೆಯೂ ಇರುವುದಿಲ್ಲ. ಹಾಡಿದ್ದು ಒಂದು ಪಾಠ, ಹೇಳಿದ್ದು ಇನ್ನೊಂದು ಪಾಠ. ಎರಡನ್ನೂ ಕೂಡಿಸಿ ಕೇಳಿದಾಗಲೇ ಆ ಪದ್ಯದ ಪೂರ್ಣ ಸ್ವರೂಪ ತಿಳಿಯುತ್ತದೆ.

ಈ ಕಾರಣದಿಂದ ಕ್ಷೇತ್ರಕಾರ್ಯದಲ್ಲಿ ಒಂದೊಂದು ಪದ್ಯಕ್ಕೂ ಎರಡು ಧ್ವನಿಮುದ್ರಣಗಳನ್ನು ಮಾಡಿಕೊಳ್ಳುವುದು ಒಳ್ಳೆಯ ಪದ್ಧತಿ. ಭಾಷೆಗಳ ದಾಖಲೀಕರಣದಲ್ಲಿ ತೊಡಗಿದ ವಿದ್ವಾಂಸರು ಇದಕ್ಕೆ ಸಮೀಪವಾದ ಕ್ರಮವೊಂದನ್ನು ಬೇರೆ ಬೇರೆ ದೇಶಗಳಲ್ಲಿ ಅನುಸರಿಸುತ್ತಾರೆ. ಸಹಜವಾಗಿ ಆಡಿದ ಮಾತನ್ನು ಮೊದಲು ಮುದ್ರಿಸಿಕೊಂಡು, ಆ ಭಾಷೆಯವರಿಂದಲೇ ಅದನ್ನು ನಿಧಾನವಾಗಿ, ತಿಳಿಯಾಗಿ ಮತ್ತೊಮ್ಮೆ ಹೇಳಿಸಿ ಮುದ್ರಿಸಿಕೊಳ್ಳುವ ಕ್ರಮವದು. ಎರಡು ಮುದ್ರಣಗಳು ಸೇರಿ ಒಂದು ಜೋಡಿಯಾಗುತ್ತವೆ. ಇಂಥ ಜೋಡಿಗಳು ಹತ್ತಾರು, ನೂರಾರು ಆದಾಗ ಅವುಗಳನ್ನು ಗಣಕದಿಂದ ಒಟ್ಟಾಗಿ ಸಂಸ್ಕರಿಸುವುದು ಹೇಗೆ, ಹಾಗೆ ಮಾಡುವಾಗ ತಪ್ಪು ನುಸುಳುವುದು ಎಲ್ಲಿ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಕುರನೂರ ಎಂಬ ನಿದರ್ಶನ

ನಿದರ್ಶನಕ್ಕಾಗಿ ಗಡಿನಾಡಿನ ಒಂದು ಊರನ್ನು ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಬೋರಿ ನದಿಯ ಅಣೆಕಟ್ಟಿನಿಂದ ಹೆಸರಾದ ಊರು ಕುರನೂರ. ಬೋರಿಯು ನಳದುರ್ಗದ ಕೋಟೆಯನ್ನು ಹಾದು ಬಂದು, ಮುಂದೆ ಭೀಮೆಯನ್ನು ಸೇರುತ್ತದೆ. ತಾಲ್ಲೂಕಿನ ಗಡಿಗೆ ಕರ್ನಾಟಕದ ಕಲಬುರಗಿ ಮತ್ತು ವಿಜಯಪುರ ಜಿಲ್ಲೆಗಳು ಹೊಂದಿಕೊಂಡಿವೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ ಎಂಬುದು ಈ ಭಾಗದ ಅನೇಕ ಕುಟುಂಬಗಳ ನಿತ್ಯದ ಸ್ಥಿತಿ.

ತ್ರಿಪದಿಯೊಂದಿಗೆ ಈ ಸೀಮೆಗೆ ಇರುವ ನಂಟು ಹಳೆಯದು. ಸೊಲ್ಲಾಪುರವು ವಚನಕಾರ ಸಿದ್ಧರಾಮನ ನೆಲೆ. ಆತನ ಚರಿತೆಯನ್ನು ತ್ರಿಪದಿಯಲ್ಲಿ ಪುರಾಣವಾಗಿ ರಚಿಸಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. ಭೀಮೆಯ ದಕ್ಷಿಣಕ್ಕೆ, ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಅವರ ಕಾಲದಲ್ಲಿ ಸಂಗ್ರಾಹಕನ ಕೈಯಲ್ಲಿ ಇದ್ದದ್ದು ಕಾಗದ ಮತ್ತು ಲೇಖನಿ ಮಾತ್ರ. ಹಾಡಿದ್ದನ್ನೂ ಹೇಳಿದ್ದನ್ನೂ ಹೊಂದಿಸುವ ಕೆಲಸ ಆತನ ಕಿವಿಯಲ್ಲಿ, ನೆನಪಿನಲ್ಲಿ ನಡೆಯಬೇಕಾಗಿತ್ತು. ಇಂದು ಆ ಹೊಂದಿಕೆ ನಡೆಯುವುದು ಕಡತಗಳ ಹೆಸರಿನಲ್ಲಿ. ‘ಕಡತ’ ಎಂಬ ಮಾತು ಹಿಂದೆ ಮಸಿ ಲೇಪಿಸಿ ಮಡಿಸಿಟ್ಟ ಬಟ್ಟೆಯ ಪುಸ್ತಕಕ್ಕೆ ಸಲ್ಲುತ್ತಿತ್ತು. ಇಂದು ಅದು ಗಣಕದ ಫೈಲಿಗೂ ಸಲ್ಲುತ್ತದೆ. ಆ ಹಳೆಯ ಕಡತವನ್ನು ಬಿಚ್ಚಿದೊಡನೆ ಒಳಗಿನ ಬರಹ ಕಣ್ಣಿಗೆ ಬೀಳುತ್ತಿತ್ತು. ಧ್ವನಿಯ ಕಡತ ಹಾಗಲ್ಲ. ಕೇಳದ ಹೊರತು ಒಳಗೆ ಏನಿದೆ ಎಂದು ತಿಳಿಯದು. ಕಣ್ಣಿಗೆ ಕಾಣುವುದು ಹೆಸರೊಂದೇ.

ಕುರನೂರಿಗೆ ಹೋದ ವಿದ್ಯಾರ್ಥಿಯೊಬ್ಬರು ನಲವತ್ತು ತ್ರಿಪದಿಗಳನ್ನು ಹಾಡಿಸಿ, ಹೇಳಿಸಿ ಮುದ್ರಿಸಿಕೊಂಡರೆಂದು ಭಾವಿಸೋಣ. ಅಲ್ಲಿಗೆ 80 ಕಡತಗಳಾದವು. ಮೊಬೈಲು ಫೋನು ತನ್ನಷ್ಟಕ್ಕೆ ತಾನು ದಿನಾಂಕ, ವೇಳೆಗಳನ್ನೇ ಹೆಸರಾಗಿಸುತ್ತದೆ. ಪ್ರತ್ಯೇಕ ಧ್ವನಿಮುದ್ರಕವಾದರೆ ಕ್ರಮಸಂಖ್ಯೆಯನ್ನು ಕೊಡುತ್ತದೆ. ಯಾವ ಕಡತ ಹಾಡು, ಯಾವುದು ನುಡಿ, ಯಾವ ಹಾಡಿಗೆ ಯಾವ ನುಡಿ ಎಂಬುದು ಆ ಹೆಸರುಗಳಲ್ಲಿ ಇರುವುದಿಲ್ಲ. ಮುದ್ರಿಸಿದ ದಿನ ಅದು ನೆನಪಿನಲ್ಲಿರುತ್ತದೆ. ತಿಂಗಳು ಕಳೆದ ಮೇಲೆ ಇರುವುದಿಲ್ಲ.

ಬ್ಯಾಚ್ ಸ್ಕ್ರಿಪ್ಟ್ ಎಂದರೇನು?

ಈ 80 ಕಡತಗಳ ಮೇಲೆ ಮಾಡಬೇಕಾದ ಕೆಲಸ ಒಂದೇ ಬಗೆಯದು. ಪ್ರತಿ ಜೋಡಿಯಲ್ಲಿ ಮೊದಲು ಹಾಡು, ಅನಂತರ ಎರಡು ಸೆಕೆಂಡುಗಳ ಮೌನ, ಆಮೇಲೆ ನುಡಿ ಬರುವಂತೆ ಒಂದು ಹೊಸ ಕಡತವನ್ನು ಸಿದ್ಧಪಡಿಸಬೇಕು. ಬರಹಕ್ಕಿಳಿಸುವವರು ಅದನ್ನು ಕೇಳುತ್ತ ಬರೆಯುತ್ತಾರೆ. ಆಡಾಸಿಟಿಯಂಥ ತಂತ್ರಾಂಶದಲ್ಲಿ ಒಂದೊಂದೇ ಜೋಡಿಯನ್ನು ತೆರೆದು, ಅಂಟಿಸಿ, ಉಳಿಸಬಹುದು. ನಾಲ್ಕು ಜೋಡಿಗಳಿಗೆ ಆ ದಾರಿ ಸಾಕು. ನಲವತ್ತಕ್ಕಾದರೆ ಬೇಸರ ಬರುತ್ತದೆ. ಬೇಸರದ ಹಿಂದೆಯೇ ತಪ್ಪು ಬರುತ್ತದೆ.

ಒಂದೇ ಕೆಲಸವನ್ನು ಹಲವು ಕಡತಗಳ ಮೇಲೆ ಸಾಲಾಗಿ ನಡೆಸುವಂತೆ ಮೊದಲೇ ಬರೆದಿಟ್ಟ ಆಜ್ಞೆಗಳ ಪಟ್ಟಿಗೆ ಬ್ಯಾಚ್ ಸ್ಕ್ರಿಪ್ಟ್ ಎಂದು ಹೆಸರು. ವಿಂಡೋಸ್ ಗಣಕದಲ್ಲಿ ಇದನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಹೆಸರಿನ ಕೊನೆಗೆ ‘ಬ್ಯಾಟ್’ ಎಂಬ ವಿಸ್ತರಣೆಯನ್ನು ಸೇರಿಸಿ ಉಳಿಸುತ್ತಾರೆ. ಲಿನಕ್ಸ್ ಗಣಕದಲ್ಲಿ ಬ್ಯಾಷ್ ಎಂಬ ಶೆಲ್ಲಿನ ಸ್ಕ್ರಿಪ್ಟ್ ಇದೇ ಕೆಲಸವನ್ನು ಮಾಡುತ್ತದೆ. ಧ್ವನಿಯನ್ನು ಕತ್ತರಿಸುವ, ಕೂಡಿಸುವ, ಪರಿವರ್ತಿಸುವ ಕೆಲಸವನ್ನು ಸ್ಕ್ರಿಪ್ಟ್ ತಾನೇ ಮಾಡುವುದಿಲ್ಲ. ಅದಕ್ಕಾಗಿ ಎಫ್‌ಎಫ್‌ಎಂಪೆಗ್ ಅಥವಾ ಸಾಕ್ಸ್ ಎಂಬ ಉಚಿತ ಉಪಕರಣವನ್ನು ಕರೆಯುತ್ತದೆ. ಸಾಕ್ಸ್ 1991ರಿಂದಲೂ, ಎಫ್‌ಎಫ್‌ಎಂಪೆಗ್ 2000ದಿಂದಲೂ ಬಳಕೆಯಲ್ಲಿವೆ. ಇವುಗಳಿಗೆ ಗುಂಡಿಗಳಾಗಲಿ ಚಿತ್ರಗಳಾಗಲಿ ಇಲ್ಲ. ಆಜ್ಞೆಯನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರೆ ಕೆಲಸವನ್ನು ಮುಗಿಸುತ್ತವೆ. ಸ್ಕ್ರಿಪ್ಟಿನೊಳಗೆ ಕರೆಯಲು ಅವು ಅನುಕೂಲವಾಗಿರುವುದು ಇದರಿಂದಲೇ.

ಕೂಡಿಸುವುದು ಉಪಕರಣದ ಕೆಲಸ. ಯಾವುದನ್ನು ಯಾವುದರೊಡನೆ ಕೂಡಿಸಬೇಕೆಂದು ನಿರ್ಧರಿಸುವುದು ಸ್ಕ್ರಿಪ್ಟಿನ ಕೆಲಸ. ಈ ನಿರ್ಧಾರಕ್ಕೆ ಸ್ಕ್ರಿಪ್ಟಿನ ಬಳಿ ಇರುವ ಆಧಾರ ಕಡತದ ಹೆಸರೊಂದೇ. ಅದು ಹಾಡನ್ನು ಕೇಳುವುದಿಲ್ಲ, ಧ್ವನಿಯನ್ನು ಗುರುತಿಸುವುದಿಲ್ಲ.

ಪ್ರಕೃತಿ ಮತ್ತು ಪ್ರತ್ಯಯ

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದ ವಿದ್ಯಾರ್ಥಿಗೆ ಜೋಡಿಕಡತಗಳ ತರ್ಕ ಹೊಸದೆನಿಸದು. ‘ಊರನ್ನು’, ‘ಊರಿಂದ’, ‘ಊರಲ್ಲಿ’ ಎಂಬ ರೂಪಗಳಲ್ಲಿ ಪ್ರಕೃತಿ ಒಂದೇ, ಪ್ರತ್ಯಯ ಮಾತ್ರ ಬೇರೆ. ಜೋಡಿಕಡತಗಳ ಹೆಸರನ್ನೂ ಹೀಗೆಯೇ ಕಟ್ಟಬೇಕು. ಮೊದಲನೆಯ ತ್ರಿಪದಿಯ ಹಾಡಿಗೆ ‘ಕುರ_001_ಹಾಡು’ ಎಂದೂ ಅದರ ನುಡಿಗೆ ‘ಕುರ_001_ನುಡಿ’ ಎಂದೂ ಹೆಸರಿಟ್ಟರೆ, ‘ಕುರ_001’ ಎಂಬುದು ಪ್ರಕೃತಿ. ‘_ಹಾಡು’, ‘_ನುಡಿ’ ಎಂಬುವು ಪ್ರತ್ಯಯಗಳು. ಸ್ಕ್ರಿಪ್ಟ್ ಮಾಡುವುದಿಷ್ಟೆ: ಹೆಸರಿನಿಂದ ಒಂದು ಪ್ರತ್ಯಯವನ್ನು ಕಳಚಿ ಪ್ರಕೃತಿಯನ್ನು ತಿಳಿಯುತ್ತದೆ, ಅದೇ ಪ್ರಕೃತಿಗೆ ಇನ್ನೊಂದು ಪ್ರತ್ಯಯವನ್ನು ಹಚ್ಚಿ ಜೋಡಿಯನ್ನು ಹುಡುಕುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಭಾಷೆಯಲ್ಲಿ ಪ್ರತ್ಯಯ ಸೇರುವಾಗ ಸಂಧಿಯಾಗುತ್ತದೆ. ‘ಊರು’ ಎಂಬುದರ ಉಕಾರ ಲೋಪವಾಗಿ ‘ಊರಿಂದ’ ಆಗುತ್ತದೆ. ‘ಮರ’ ಎಂಬುದಕ್ಕೆ ವಕಾರ ಆಗಮವಾಗಿ ‘ಮರವನ್ನು’ ಆಗುತ್ತದೆ. ಕನ್ನಡಿಗನ ಕಿವಿ ಸಂಧಿಯನ್ನು ಬಿಡಿಸಿ ಪ್ರಕೃತಿಯನ್ನು ಗುರುತಿಸುತ್ತದೆ. ಗಣಕಕ್ಕೆ ಸಂಧಿ ತಿಳಿಯದು. ಒಂದು ಅಕ್ಷರ ಹೆಚ್ಚಾದರೂ ಕಡಿಮೆಯಾದರೂ ಅದರ ದೃಷ್ಟಿಯಲ್ಲಿ ಅದು ಬೇರೆ ಹೆಸರು. ಪ್ರಕೃತಿ ಎಲ್ಲಿ ಮುಗಿಯಿತು, ಪ್ರತ್ಯಯ ಎಲ್ಲಿ ಆರಂಭವಾಯಿತು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತೋರಿಸಲು ನಡುವೆ ಅಡಿಗೆರೆಯನ್ನು ಇಡುವುದು ಇದಕ್ಕಾಗಿ. ಅಡಿಗೆರೆಯ ಬದಲು ಖಾಲಿ ಜಾಗ ಬಿಟ್ಟರೆ, ಆಜ್ಞೆಯ ಸಾಲಿನಲ್ಲಿ ಒಂದೇ ಹೆಸರು ಎರಡು ಹೆಸರುಗಳಾಗಿ ಒಡೆದುಹೋಗುವ ಅಪಾಯವಿದೆ. ಖಾಲಿ ಜಾಗ ಅನಿವಾರ್ಯವಾದಲ್ಲಿ ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆಯಬೇಕು.

ಸ್ಕ್ರಿಪ್ಟಿನ ಹೆಜ್ಜೆಗಳು

ಯಾವ ಗಣಕಭಾಷೆಯಲ್ಲಿ ಬರೆದರೂ ಸ್ಕ್ರಿಪ್ಟಿನ ತರ್ಕ ಹೀಗಿರುತ್ತದೆ.

1. ಮೂಲ ಕಡತಗಳಿರುವ ಫೋಲ್ಡರಿನಲ್ಲಿ ‘_ಹಾಡು’ ಎಂದು ಮುಗಿಯುವ ಹೆಸರುಗಳನ್ನು ಮಾತ್ರ ಒಂದೊಂದಾಗಿ ತೆಗೆದುಕೊಳ್ಳುವುದು.

2. ಆ ಹೆಸರಿನಿಂದ ‘_ಹಾಡು’ ಎಂಬ ಭಾಗವನ್ನು ಕಳಚಿ ಉಳಿದ ಪ್ರಕೃತಿಯನ್ನು ನೆನಪಿಟ್ಟುಕೊಳ್ಳುವುದು.

3. ಪ್ರಕೃತಿಗೆ ‘_ನುಡಿ’ ಹಚ್ಚಿ, ಆ ಹೆಸರಿನ ಕಡತ ಇದೆಯೇ ಎಂದು ಪರೀಕ್ಷಿಸುವುದು.

4. ಇದ್ದರೆ ಎರಡನ್ನೂ ಉಪಕರಣಕ್ಕೆ ಒಪ್ಪಿಸಿ, ‘ಕುರ_001_ಜೋಡಿ’ ಎಂಬ ಹೆಸರಿನ ಫಲಿತಾಂಶವನ್ನು ಬೇರೆ ಫೋಲ್ಡರಿನಲ್ಲಿ ಇಡುವುದು.

5. ಇಲ್ಲದಿದ್ದರೆ ಕೆಲಸವನ್ನು ನಿಲ್ಲಿಸದೆ, ‘ನುಡಿ ಇಲ್ಲ’ ಎಂದು ವರದಿಯ ಕಡತದಲ್ಲಿ ಆ ಹೆಸರನ್ನು ಬರೆದು ಮುಂದಕ್ಕೆ ಹೋಗುವುದು.

6. ಕೊನೆಗೆ ‘_ನುಡಿ’ ಎಂದು ಮುಗಿಯುವ ಕಡತಗಳನ್ನೂ ಹೀಗೆಯೇ ಪರೀಕ್ಷಿಸಿ, ಹಾಡಿಲ್ಲದ ನುಡಿಗಳಿದ್ದರೆ ವರದಿಯಲ್ಲಿ ಸೇರಿಸುವುದು.

ಆರನೆಯ ಹೆಜ್ಜೆಯನ್ನು ಬಹಳ ಮಂದಿ ಮರೆಯುತ್ತಾರೆ. ಹಾಡಿನ ಕಡೆಯಿಂದ ಹೊರಟ ಹುಡುಕಾಟಕ್ಕೆ ಹಾಡಿಲ್ಲದ ನುಡಿ ಎಂದೂ ಎದುರಾಗುವುದಿಲ್ಲ. ಅದು ಫೋಲ್ಡರಿನಲ್ಲಿ ಹಾಗೆಯೇ ಉಳಿದುಬಿಡುತ್ತದೆ. ಅಂಥದೊಂದು ಮುದ್ರಣ ಇತ್ತೆಂಬುದೂ ಮರೆತುಹೋಗುತ್ತದೆ.

ವಿಂಡೋಸಿನ ಬ್ಯಾಚ್ ಭಾಷೆಯಲ್ಲಿ ಮೊದಲ ಹೆಜ್ಜೆಗೆ ‘ಫಾರ್’ ಎಂಬ ಆವರ್ತನದ ಆಜ್ಞೆಯೂ, ಮೂರನೆಯದಕ್ಕೆ ‘ಇಫ್ ಎಗ್ಸಿಸ್ಟ್’ ಎಂಬ ಪರೀಕ್ಷೆಯ ಆಜ್ಞೆಯೂ ಒದಗುತ್ತವೆ. ಆವರ್ತನದಲ್ಲಿ ಬದಲಾಗುತ್ತ ಹೋಗುವ ಹೆಸರನ್ನು ಶೇಕಡಾ ಚಿಹ್ನೆಯಿಂದ ಸೂಚಿಸುತ್ತಾರೆ. ಆಜ್ಞೆಯ ಕಿಟಕಿಯಲ್ಲಿ ನೇರವಾಗಿ ಬರೆಯುವಾಗ ಈ ಚಿಹ್ನೆ ಒಂದು ಸಾಕು. ಬ್ಯಾಚ್ ಕಡತದೊಳಗೆ ಎರಡು ಬೇಕು. ಕಿಟಕಿಯಲ್ಲಿ ಸರಿಯಾಗಿ ನಡೆದ ಆಜ್ಞೆ ಕಡತದಲ್ಲಿ ನಡೆಯದೆ ಹೋಗುವುದಕ್ಕೆ ಅನೇಕ ವೇಳೆ ಕಾರಣ ಇದೇ.

ಸಾಲಿನ ಕ್ರಮವನ್ನು ನಂಬಬಾರದು

ಈ ತರ್ಕಕ್ಕಿಂತ ಸುಲಭವಾದ ದಾರಿಯೊಂದು ಇರುವಂತೆ ತೋರುತ್ತದೆ. ಹಾಡುಗಳನ್ನೆಲ್ಲ ಒಂದು ಫೋಲ್ಡರಿನಲ್ಲಿ, ನುಡಿಗಳನ್ನೆಲ್ಲ ಇನ್ನೊಂದರಲ್ಲಿ ಇಟ್ಟು, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಎಂದು ಸಾಲಾಗಿ ಕೂಡಿಸುವ ದಾರಿಯದು. ಎಣಿಕೆ ಎರಡೂ ಕಡೆ ಸಮವಾಗಿದ್ದರೆ ಸಾಕೆಂದು ಅನಿಸುತ್ತದೆ. ಆದರೆ ಅಷ್ಟು ಸಾಲದು.

ನಲವತ್ತು ಹಾಡುಗಳಲ್ಲಿ ಮೂವತ್ತನೆಯದು ಮುದ್ರಣವಾಗದೆ ಹೋಯಿತು. ನಲವತ್ತು ನುಡಿಗಳಲ್ಲಿ ಹನ್ನೆರಡನೆಯದು ಅಳಿಸಿಹೋಯಿತು ಎಂದಿಟ್ಟುಕೊಳ್ಳೋಣ. ಈಗ ಎರಡೂ ಕಡೆ 39 ಕಡತಗಳಿವೆ. ಎಣಿಕೆ ಸರಿಯಾಗಿದೆ. ಸಾಲಿನ ಕ್ರಮದಲ್ಲಿ ಕೂಡಿಸಿದರೆ ಹನ್ನೊಂದರವರೆಗೆ ಎಲ್ಲವೂ ಸರಿ. ಅಲ್ಲಿಂದ ಮುಂದೆ ಹನ್ನೆರಡನೆಯ ಹಾಡಿಗೆ ಹದಿಮೂರನೆಯ ನುಡಿ, ಹದಿಮೂರನೆಯ ಹಾಡಿಗೆ ಹದಿನಾಲ್ಕನೆಯ ನುಡಿ ಹೀಗೆ ಸಾಗಿ, ಇಪ್ಪತ್ತೊಂಬತ್ತನೆಯ ಹಾಡಿಗೆ ಮೂವತ್ತನೆಯ ನುಡಿ ಸೇರುತ್ತದೆ. ಮೂವತ್ತೊಂದರಿಂದ ಮತ್ತೆ ಎಲ್ಲವೂ ಸರಿ. ಒಟ್ಟು 18 ಜೋಡಿಗಳು ತಪ್ಪಾಗಿವೆ. ಆದರೆ ಪರೀಕ್ಷಿಸುವವರು ಮೊದಲಿನ ಎರಡು, ಕೊನೆಯ ಎರಡು ಜೋಡಿಗಳನ್ನು ಕೇಳಿ ನೋಡಿದರೆ ದೋಷ ಗೊತ್ತಾಗುವುದೇ ಇಲ್ಲ. ಹೆಸರಿನ ಪ್ರಕೃತಿಯನ್ನು ಹಿಡಿದು ಕೂಡಿಸಿದ್ದರೆ 38 ಜೋಡಿಗಳು ಸರಿಯಾಗಿ ಸಿದ್ಧವಾಗಿ, ಒಂಟಿಯಾದ ಎರಡು ಕಡತಗಳು ವರದಿಯಲ್ಲಿ ಕಾಣಿಸಿಕೊಳ್ಳುತ್ತಿದ್ದವು.

ಸಂಖ್ಯೆಗಳನ್ನು 1, 2, 10 ಎಂದು ಬರೆಯದೆ 001, 002, 010 ಎಂದು ಮೂರು ಸ್ಥಾನಗಳಲ್ಲಿ ಬರೆಯುವುದಕ್ಕೂ ಕಾರಣವಿದೆ. ಅಕ್ಷರಕ್ರಮದಲ್ಲಿ ಜೋಡಿಸುವಾಗ 1ರ ನಂತರ 10, ಅದರ ನಂತರ 2 ಬರುತ್ತದೆ. ಅದಲ್ಲದೆ ಹೆಸರಿನ ಆರಂಭವನ್ನಷ್ಟೇ ಕೊಟ್ಟು, ಉಳಿದುದಕ್ಕೆ ನಕ್ಷತ್ರ ಚಿಹ್ನೆಯನ್ನು ಹಾಕಿ ಹುಡುಕಿದರೆ, ‘ಕುರ_1’ ಎಂಬ ಆರಂಭಕ್ಕೆ 1ರ ಜೊತೆಗೆ 10ರಿಂದ 19ರವರೆಗಿನ ಕಡತಗಳೂ ಓಗೊಡುತ್ತವೆ. ಹೋಲುವ ಹೆಸರುಗಳ ಅಪಾಯ ಇಲ್ಲಿಯೇ ಇರುವುದು. ಜೋಡಿಯಾಗಲು ಹೆಸರುಗಳು ಹೋಲಬೇಕು. ಬೇರೆ ಜೋಡಿಯೊಂದಿಗೆ ಬೆರೆಯದಂತಿರಲು ಹೆಸರುಗಳು ಸ್ಪಷ್ಟವಾಗಿ ಬೇರೆಯಾಗಿರಬೇಕು.

ಕನ್ನಡ ಲಿಪಿಯ ಹೆಸರುಗಳು

ಕಡತಗಳಿಗೆ ಕನ್ನಡದಲ್ಲಿಯೇ ಹೆಸರಿಡಬಹುದು. ಕನ್ನಡ ಲಿಪಿಯು 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿದೆ. ಇಂದಿನ ಗಣಕಗಳು ಕನ್ನಡದ ಹೆಸರುಗಳನ್ನು ತೊಂದರೆಯಿಲ್ಲದೆ ಉಳಿಸಿಕೊಳ್ಳುತ್ತವೆ. ವಿಂಡೋಸಿನ ಆಜ್ಞೆಯ ಕಿಟಕಿಯಲ್ಲಿ ಕನ್ನಡದ ಹೆಸರುಗಳು ಕೆಡದಂತೆ ಸ್ಕ್ರಿಪ್ಟಿನ ಆರಂಭದಲ್ಲಿ ಸಂಕೇತಪುಟವನ್ನು 65001ಕ್ಕೆ ಬದಲಾಯಿಸಿ, ಸ್ಕ್ರಿಪ್ಟನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ಆದರೂ ಲಿಪಿಯ ರಚನೆಯಿಂದಲೇ ಹುಟ್ಟುವ ತೊಡಕೊಂದು ಉಳಿಯುತ್ತದೆ. ಅದನ್ನು ಕನ್ನಡ ಬಲ್ಲವರು ಬೇಗನೆ ಗ್ರಹಿಸಬಲ್ಲರು.

‘ಬೀಸುವ ಪದ’ ಎಂಬ ಹೆಸರನ್ನು ನೋಡಬಹುದು. ಇದರ ಮೊದಲ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ಬಗೆಯಾಗಿ ಬರೆಯಲು ಬರುತ್ತದೆ. ‘ಬ’ ಎಂಬ ಅಕ್ಷರಕ್ಕೆ ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಹಚ್ಚುವುದು ಒಂದು ಬಗೆ. ‘ಬ’ಗೆ ಇಕಾರದ ಚಿಹ್ನೆಯನ್ನು ಹಚ್ಚಿ, ಅದರ ಮುಂದೆ ದೀರ್ಘದ ಚಿಹ್ನೆಯನ್ನು ಬೇರೆಯ ಸಂಕೇತವಾಗಿ ಇಡುವುದು ಇನ್ನೊಂದು ಬಗೆ. ಬಳಪ ಹಿಡಿದು ಕಾಗುಣಿತ ಕಲಿತವರು ಎರಡನೆಯ ಬಗೆಯಲ್ಲಿಯೇ ಬರೆಯುತ್ತಾರೆ: ಮೊದಲು ಗುಡಿಸು, ಆಮೇಲೆ ದೀರ್ಘ. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಹೆಸರುಗಳನ್ನು ಸಂಕೇತ ಸಂಕೇತವಾಗಿ ಹೋಲಿಸುವ ಸ್ಕ್ರಿಪ್ಟಿಗೆ ಅವು ಎರಡು ಬೇರೆ ಹೆಸರುಗಳು. ಏಕಾರ, ಐಕಾರ, ಒಕಾರ, ಓಕಾರಗಳಿಗೂ ಇದೇ ಮಾತು ಸಲ್ಲುತ್ತದೆ. ಹಾಡನ್ನು ಒಂದು ಗಣಕದಲ್ಲಿ, ನುಡಿಯನ್ನು ಬೇರೆ ಬಗೆಯ ಗಣಕದಲ್ಲಿ ಹೆಸರಿಸಿದಾಗ, ಕಣ್ಣಿಗೆ ಒಂದೇ ಆಗಿ ಕಾಣುವ ಜೋಡಿಯನ್ನು ಸ್ಕ್ರಿಪ್ಟ್ ‘ಒಂಟಿ’ ಎಂದು ಸಾರಿದರೆ ಕಾರಣವನ್ನು ಇಲ್ಲಿ ಹುಡುಕಬೇಕು. ಹೋಲಿಸುವ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಇದನ್ನು ಯೂನಿಕೋಡ್ ಸಾಮಾನ್ಯೀಕರಣ ಎಂದು ಕರೆಯುತ್ತಾರೆ. ಪೈಥಾನಿನಂಥ ಗಣಕಭಾಷೆಗಳಲ್ಲಿ ಅದಕ್ಕೆ ಸಿದ್ಧ ವ್ಯವಸ್ಥೆಯಿದೆ. ಒಡೆದು ಬರೆಯಲು ಬಾರದ ಚಿಹ್ನೆಗಳಿರುವ ‘ಕುರ’, ‘ಹಾಡು’, ‘ನುಡಿ’ಗಳಂಥ ಮಾತುಗಳನ್ನೇ ಆರಿಸಿಕೊಳ್ಳುವುದು ಅದಕ್ಕಿಂತ ಸರಳವಾದ ಉಪಾಯ. ಕನ್ನಡ ಅಂಕಿ ‘೧’ ಮತ್ತು ‘1’ ಕೂಡ ಗಣಕಕ್ಕೆ ಬೇರೆ ಬೇರೆ. ಎರಡರಲ್ಲಿ ಒಂದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಗಡಿನಾಡಿನಲ್ಲಿ ಊರಿನ ಹೆಸರಿನಿಂದಲೂ ತೊಡಕು ಹುಟ್ಟುತ್ತದೆ. ಆಡುಮಾತಿನಲ್ಲಿ ‘ಕುರನೂರ’ ಎನ್ನುವುದನ್ನು ಗ್ರಂಥಸ್ಥ ಕನ್ನಡದ ರೂಢಿಯಂತೆ ‘ಕುರನೂರು’ ಎಂದು ಬರೆಯುವವರಿದ್ದಾರೆ. ಮಾತಿನ ವೇಗವನ್ನು ಅನುಸರಿಸಿದರೆ ‘ಕುರ್ನೂರ’ ಎಂದೂ ಆಗುತ್ತದೆ. ಮೂವರು ವಿದ್ಯಾರ್ಥಿಗಳು ಮೂರು ರೂಪಗಳನ್ನು ಬಳಸಿದರೆ ಗಣಕದ ಪಟ್ಟಿಯಲ್ಲಿ ಒಂದೇ ಊರು ಮೂರು ಊರುಗಳಾಗುತ್ತದೆ. ಯಾವ ರೂಪ ಶುದ್ಧವೆಂಬ ಚರ್ಚೆಗೆ ಬೇರೆ ಸಂದರ್ಭವಿದೆ. ಕಡತದ ಹೆಸರಿಗೆ ಬೇಕಾಗಿರುವುದು ಎಲ್ಲರೂ ಒಪ್ಪಿ ಬಳಸುವ ಒಂದೇ ಸಂಕ್ಷಿಪ್ತರೂಪ. ಊರಿನ ಪೂರ್ಣ ಹೆಸರು, ಅದರ ರೂಪಾಂತರಗಳು, ಹಾಡಿದವರ ವಿವರ, ದಿನಾಂಕ, ಮುದ್ರಣಕ್ಕೆ ಮತ್ತು ಪ್ರಕಟಣೆಗೆ ಅವರು ಕೊಟ್ಟ ಒಪ್ಪಿಗೆ ಇವೆಲ್ಲ ಪ್ರತ್ಯೇಕ ಪಟ್ಟಿಯಲ್ಲಿ ಇರಬೇಕು. ‘ಕುರ_001’ ಎಂಬ ಪ್ರಕೃತಿಯೇ ಪಟ್ಟಿಯ ಸಾಲಿಗೂ ಎರಡು ಕಡತಗಳಿಗೂ ಸಂಬಂಧ ಕಲ್ಪಿಸುತ್ತದೆ.

ಮೂಲವನ್ನು ಮುಟ್ಟದಿರುವ ನಿಯಮ

ಗ್ರಂಥಸಂಪಾದನೆಯಲ್ಲಿ ಓಲೆಯ ಪ್ರತಿಗಳಿಗೆ ‘ಕ’, ‘ಖ’, ‘ಗ’ ಎಂದು ಸಂಕೇತ ಕೊಟ್ಟು, ಯಾವ ಪಾಠ ಯಾವ ಪ್ರತಿಯದೆಂದು ಅಡಿಟಿಪ್ಪಣಿಯಲ್ಲಿ ಸೂಚಿಸುವ ಪದ್ಧತಿಯಿದೆ. ಸಂಪಾದಕನು ಪಾಠವನ್ನು ತಿದ್ದುವುದು ತನ್ನ ಹಸ್ತಪ್ರತಿಯಲ್ಲಿ. ಓಲೆಯ ಮೇಲೆ ಅಲ್ಲ. ಧ್ವನಿಕಡತಗಳಿಗೂ ಇದೇ ನಿಯಮ. ಮುದ್ರಕದಿಂದ ಬಂದ ವೇವ್ ಕಡತವೇ ಮೂಲಪ್ರತಿ. ಸ್ಕ್ರಿಪ್ಟ್ ಅದನ್ನು ಓದಬಹುದು, ತಿದ್ದಬಾರದು. ಫಲಿತಾಂಶಗಳು ಯಾವಾಗಲೂ ಬೇರೆ ಫೋಲ್ಡರಿಗೆ, ಬೇರೆ ಹೆಸರಿನಲ್ಲಿ ಹೋಗಬೇಕು. ಅದೇ ಹೆಸರಿನ ಕಡತ ಅಲ್ಲಿ ಈಗಾಗಲೇ ಇದ್ದರೆ ಅದರ ಮೇಲೆ ಬರೆಯಬಾರದೆಂದು ಉಪಕರಣಕ್ಕೆ ಸ್ಪಷ್ಟವಾಗಿ ಆಜ್ಞಾಪಿಸಬೇಕು.

ಕೂಡಿಸುವ ಮೊದಲು ಎರಡು ಕಡತಗಳ ತಾಂತ್ರಿಕ ಅಳತೆಗಳು ಒಂದೇ ಆಗಿರುವುದನ್ನು ನೋಡಿಕೊಳ್ಳಬೇಕು. ಒಂದು ಉಪಕರಣವು ಸೆಕೆಂಡಿಗೆ 44,100 ಮಾದರಿಗಳನ್ನೂ ಇನ್ನೊಂದು 48,000 ಮಾದರಿಗಳನ್ನೂ ದಾಖಲಿಸಿರಬಹುದು. ಪರಿವರ್ತಿಸದೆ ಸೇರಿಸಹೊರಟರೆ ಸಾಕ್ಸ್ ಒಪ್ಪುವುದಿಲ್ಲ, ದೋಷವನ್ನು ತೋರಿಸಿ ನಿಲ್ಲುತ್ತದೆ. 48,000ದ ಧ್ವನಿಯನ್ನು 44,100ರದೆಂದು ತಪ್ಪಾಗಿ ತಿಳಿದು ನುಡಿಸಿದರೆ ಹಾಡು ನಿಧಾನವಾಗಿ, ಶ್ರುತಿ ಇಳಿದು ಕೇಳಿಸುತ್ತದೆ. ಧಾಟಿಯನ್ನು ಅಧ್ಯಯನ ಮಾಡುವವರಿಗೆ ಇದು ಸಣ್ಣ ದೋಷವಲ್ಲ. ಆದ್ದರಿಂದ ಎರಡನ್ನೂ ಮೊದಲು ಒಂದೇ ಅಳತೆಗೆ ತರುವ ಸಾಲು ಸ್ಕ್ರಿಪ್ಟಿನಲ್ಲಿ ಇರಬೇಕು.

16 ಬಿಟ್‌ಗಳ, ಒಂದೇ ವಾಹಿನಿಯ ವೇವ್ ಕಡತವು 44,100 ಮಾದರಿಗಳ ದರದಲ್ಲಿ ನಿಮಿಷಕ್ಕೆ 5 ಎಂಬಿಗಿಂತ ಸ್ವಲ್ಪ ಹೆಚ್ಚು ಜಾಗವನ್ನು ಬೇಡುತ್ತದೆ. 128 ಕೆಬಿಪಿಎಸ್ ದರದ ಎಂಪಿ3 ಪ್ರತಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. ಕೇಳಿ ಬರೆಯಲು, ಹಂಚಿಕೊಳ್ಳಲು ಈ ಹಗುರ ಪ್ರತಿ ಸಾಲುತ್ತದೆ. ಆದರೆ ಎಂಪಿ3 ಆಗುವಾಗ ಧ್ವನಿಯ ಕೆಲವು ಅಂಶಗಳು ಶಾಶ್ವತವಾಗಿ ಕಳೆದುಹೋಗುತ್ತವೆ. ಅದನ್ನು ಮತ್ತೆ ವೇವ್ ಮಾಡಿದರೂ ಅವು ಮರಳುವುದಿಲ್ಲ. ಸಂಗ್ರಹಕ್ಕೆ ವೇವ್, ಬಳಕೆಗೆ ಎಂಪಿ3 ಎಂಬ ವಿಭಾಗ ಒಳ್ಳೆಯದು. ಹಾಡು ಜೋರಾಗಿ, ನುಡಿ ಮೆಲ್ಲಗೆ ಇದ್ದಾಗ ಎರಡರ ಧ್ವನಿಮಟ್ಟವನ್ನು ಸಮಗೊಳಿಸುವುದೂ ಬಳಕೆಯ ಪ್ರತಿಗೆ ಮಾತ್ರ ಸೀಮಿತವಾಗಿರಲಿ.

ತಾಲೀಮು, ವರದಿ, ಕಿವಿ

ಸ್ಕ್ರಿಪ್ಟನ್ನು ಮೊದಲ ಸಲ ನಡೆಸುವಾಗ ಅದು ಏನನ್ನೂ ಮಾಡದೆ, ಏನು ಮಾಡಲಿದೆ ಎಂಬುದನ್ನು ಮಾತ್ರ ಪರದೆಯ ಮೇಲೆ ಬರೆಯುವಂತೆ ಇರಬೇಕು. ಇದನ್ನು ತಾಲೀಮು ಎನ್ನಬಹುದು. ‘ಕುರ_001_ಹಾಡು, ಕುರ_001_ನುಡಿ: ಕೂಡಿಸಲಾಗುವುದು’ ಎಂಬಂಥ ನಲವತ್ತು ಸಾಲುಗಳನ್ನು ಓದಲು ಎರಡು ನಿಮಿಷ ಸಾಕು. ಅನಂತರ ಎರಡು ಮೂರು ಜೋಡಿಗಳ ನಕಲುಗಳ ಮೇಲೆ ನಡೆಸಿ, ಫಲಿತಾಂಶವನ್ನು ಕೇಳಿ, ಆಮೇಲೆ ಇಡೀ ಸಂಗ್ರಹಕ್ಕೆ ಅನ್ವಯಿಸಬೇಕು.

ವರದಿಯ ಕಡತದಲ್ಲಿ ಪ್ರತಿ ಜೋಡಿಯ ಎರಡು ಅವಧಿಗಳನ್ನೂ ಬರೆಸುವುದು ಉಪಯುಕ್ತ. ಪುನರಾವೃತ್ತಿಯೂ ಎಳೆತವೂ ಇರುವುದರಿಂದ ಹಾಡು ಸಾಮಾನ್ಯವಾಗಿ ನುಡಿಗಿಂತ ಉದ್ದವಾಗಿರುತ್ತದೆ. ನುಡಿಯೇ ಉದ್ದವಾಗಿದ್ದರೆ ಒಂದೋ ಹೇಳಿದವರು ನಡುವೆ ಅರ್ಥವನ್ನೂ ವಿವರಿಸಿದ್ದಾರೆ, ಇಲ್ಲವೇ ಹೆಸರುಗಳು ಅದಲುಬದಲಾಗಿವೆ. ಎರಡೂ ಸಂದರ್ಭಗಳಲ್ಲಿ ಆ ಜೋಡಿಯನ್ನು ಕೇಳಿ ನೋಡುವುದು ಅಗತ್ಯ.

ಕ್ಷೇತ್ರದಲ್ಲಿಯೇ ತಪ್ಪು ಹೆಸರು ಬಿದ್ದಿದ್ದರೆ ಅದನ್ನು ಯಾವ ಸ್ಕ್ರಿಪ್ಟೂ ಸರಿಪಡಿಸಲಾರದು. ಆದ್ದರಿಂದ ಪ್ರತಿ ಮುದ್ರಣದ ಆರಂಭದಲ್ಲಿ ಸಂಗ್ರಾಹಕರು ಊರು, ದಿನಾಂಕ, ಸಂಖ್ಯೆ, ಹಾಡೋ ನುಡಿಯೋ ಎಂಬುದನ್ನು ತಮ್ಮ ಬಾಯಿಂದಲೇ ಹೇಳಿ ಮುದ್ರಿಸುವುದು ಒಳ್ಳೆಯದು. ಮುಂದೆ ಹೆಸರು ಕಳೆದುಹೋದರೂ ಕಡತದೊಳಗಿನ ಆ ಮಾತು ಉಳಿದಿರುತ್ತದೆ. ಹೆಸರಿಡುವ ಕೆಲಸವನ್ನೂ ಅದೇ ದಿನ ಸಂಜೆ ಮುಗಿಸಬೇಕು.

ತಪ್ಪು ಜೋಡಿಯಿಂದಾಗುವ ಹಾನಿ ಎಂಥದು ಎಂಬುದನ್ನು ಕೊನೆಯಲ್ಲಿ ಗಮನಿಸಬೇಕು. ಗಡಿನಾಡಿನ ಹಾಡಿನಲ್ಲಿ ಕನ್ನಡದ ಹಳೆಯ ರೂಪಗಳೂ ಮರಾಠಿಯಿಂದ ಬಂದ ಮಾತುಗಳೂ ಒಟ್ಟಿಗೆ ಇರುತ್ತವೆ. ಎಳೆದು ಹಾಡಿದಾಗ ಅಸ್ಪಷ್ಟವಾದ ಒಂದು ಪದ ಯಾವುದೆಂದು ನಿರ್ಧರಿಸಲು ನುಡಿಯ ಮುದ್ರಣವೇ ಆಧಾರ. ತ್ರಿಪದಿಗಳೋ ಒಂದನ್ನೊಂದು ಹೋಲುವಂಥವು. ತವರು, ತಾಯಿ, ಅಣ್ಣ, ಬಳೆ ಎಂಬ ಅವೇ ಮಾತುಗಳು ಹಲವು ಪದ್ಯಗಳಲ್ಲಿ ಮರುಕಳಿಸುತ್ತವೆ. ಹದಿಮೂರನೆಯ ನುಡಿಯನ್ನು ಹನ್ನೆರಡನೆಯ ಹಾಡಿನ ಪಕ್ಕದಲ್ಲಿಟ್ಟಾಗ ಬರಹಕ್ಕಿಳಿಸುವವರಿಗೆ ಅದು ಬೇರೆ ಪದ್ಯವೆನಿಸದೆ, ಪಾಠಾಂತರವೆನಿಸಬಹುದು. ಆಗ ಯಾರೂ ಹಾಡದ ಪದ್ಯವೊಂದು ಸಂಪ್ರಬಂಧದಲ್ಲಿ ಸೇರಿ, ಅಲ್ಲಿಂದ ಪುಸ್ತಕಕ್ಕೆ ಸಾಗುತ್ತದೆ.

ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮನೆಯ ಮೂಲೆ ಸೇರಿತು. ಕಲ್ಲಿನ ಮುಂದೆ ಕುಳಿತು ಕಲಿತ ಹಾಡುಗಳು ಈಗ ಹಿರಿಯ ಹೆಣ್ಣುಮಕ್ಕಳ ನೆನಪಿನಲ್ಲಿವೆ. ಸ್ಕ್ರಿಪ್ಟನ್ನು ತಿದ್ದಿ ಮತ್ತೊಮ್ಮೆ ನಡೆಸಬಹುದು. ಹಾಡಿದವರನ್ನು ಮತ್ತೊಮ್ಮೆ ಹಾಡಿಸುವ ಅವಕಾಶ ಸಿಗದೆ ಹೋಗಬಹುದು. ಕುರನೂರಿಗೆ ಹೊರಡುವ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ, ಪ್ರಶ್ನೆಗಳ ಪಟ್ಟಿಗಿಂತ ಮುಂಚೆ, ಕಡತಗಳ ಹೆಸರಿನ ನಿಯಮ ಬರೆದಿರಬೇಕಾದುದು ಇದಕ್ಕಾಗಿ.